ಕರೆಂಟ್ ಹೋಗಿ ಬಂದಮೇಲೆ ಒಪಿಡಿ ಕೌಂಟರಿನ ರಾಸ್ಪ್‌ಬೆರಿ ಪೈ 4 ಆನ್ ಆಗದಿದ್ದರೆ

ಕೆಟ್ಟಿರುವುದು ಪೈ ಎಂಬ ಆ ಪುಟ್ಟ ಕಂಪ್ಯೂಟರ್ ಅಲ್ಲ, ಬಹುಶಃ ಅದರ ಮೆಮೊರಿ ಕಾರ್ಡ್. ರೋಗಿಯ ವಿವರ ಸೇವ್ ಆಗುವಾಗಲೇ ಕರೆಂಟ್ ಹೋದರೆ ಕಾರ್ಡಿನ ಫೈಲುಗಳು ಹಾಳಾಗಬಹುದು.

ಮೊದಲು ಕಾರ್ಡನ್ನು ಲಿನಕ್ಸ್ ಇರುವ ಕಂಪ್ಯೂಟರಿಗೆ ಹಾಕಿ ರೋಗಿಗಳ ಡೇಟಾ ಕಾಪಿ ಮಾಡಿಕೊಳ್ಳಿ. ವಿಂಡೋಸ್‌ಗೆ ಹಾಕಿದರೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ, ದಯವಿಟ್ಟು ಒಪ್ಪಬೇಡಿ. ಡೇಟಾ ಹೋದರೆ ಮತ್ತೆ ಸಿಗುವುದು ಕಷ್ಟ.

ಆಮೇಲೆ ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಸಾಫ್ಟ್‌ವೇರ್ ಬಳಸಿ, ಕಾರ್ಡಿನ ಬದಲು ಒಂದು ಯುಎಸ್‌ಬಿ ಎಸ್‌ಎಸ್‌ಡಿಗೆ (ಡೇಟಾ ಇಡುವ ಡ್ರೈವ್) ಓಎಸ್ (ಪೈ ನಡೆಸುವ ಮೂಲ ಸಾಫ್ಟ್‌ವೇರ್) ಹಾಕಿ. ಅದನ್ನು ಪೈನ ನೀಲಿ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿ, ಕಾರ್ಡ್ ತೆಗೆದು ಆನ್ ಮಾಡಿ. ಆಗಲೂ ಬೂಟ್ ಆಗದಿದ್ದರೆ ಬೂಟ್‌ಲೋಡರ್ (ಆನ್ ಮಾಡಿದಾಗ ಓಎಸ್ ಶುರುಮಾಡುವ ಪ್ರೋಗ್ರಾಂ) ಹಳೆಯದಿರಬಹುದು. ಅದನ್ನು ಅಪ್‌ಡೇಟ್ ಮಾಡುವ ಆಯ್ಕೆಯೂ ಇಮೇಜರ್‌ನಲ್ಲೇ ಇದೆ.

ಸುಮ್ನೆ ಮೊಬೈಲ್ ಚಾರ್ಜರ್ ಹಾಕಬೇಡಿ, 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರೇ ಬೇಕು. ಎಸ್‌ಎಸ್‌ಡಿ ಇದ್ದರೂ ಸಣ್ಣ ಯುಪಿಎಸ್ ಇಡಿ. ಪೈ 4ರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ, ಹಾಗಾಗಿ ಕರೆಂಟ್ ಹೋದರೆ ತಾರೀಖು ತಪ್ಪಬಹುದು; ಇಂಟರ್‌ನೆಟ್ ಇದ್ದರೆ ತಾನೇ ಸರಿಮಾಡಿಕೊಳ್ಳುತ್ತದೆ. ಇಂಟರ್‌ನೆಟ್ ಇಲ್ಲದ ದಿನ ಎಂಟ್ರಿ ಶುರುಮಾಡುವ ಮೊದಲು ತಾರೀಖು ನೋಡಿಕೊಳ್ಳಿ.