ಕೋರ್ಸ್ ಮಾಡಿದೆ, ಆಡ್ ಹಾಕಿದೆ, ಮಾಲು ಮಾತ್ರ ಹೋಗಲಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಬೇರೆ, ಮಾಲು ಬೇರೆ, ಕೇಳಿದ್ದು ಮಾತ್ರ ಅದೇ. ಹೋದ ವರ್ಷ ನಡೆದದ್ದು ಈ ವರ್ಷ ಯಾಕೆ ನಡೆಯಲಿಲ್ಲ, ಎಲ್ಲಿ ಕಲಿತರೆ ಈ ಮಾರ್ಕೆಟಿಂಗ್ ಸರಿಯಾಗಿ ಬರುತ್ತದೆ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ, ಹಾಗಾಗಿ ಒಂದನ್ನೇ ಪೂರ್ತಿ ತೆಗೆದುಕೊಂಡಿದ್ದೇನೆ. ಪೇಜ್ ಮಾಡುವುದು, ಆಡ್ ಅಕೌಂಟ್ ತೆರೆಯುವುದು ಇಲ್ಲಿ ಇರುವುದಿಲ್ಲ. ಅದನ್ನು ಮನೆಯ ಹುಡುಗರೇ ಹೇಳಿಕೊಡುತ್ತಾರೆ.

ಪ್ರಶ್ನೆ: ನಮ್ಮದು ಚಳ್ಳಕೆರೆ ಹತ್ತಿರ ಚಿಕ್ಕ ಗಾಣ. ಶೇಂಗಾ ಎಣ್ಣೆ ತೆಗೆದು ಮಾರುತ್ತೇವೆ. 2024ರ ದೀಪಾವಳಿಗೆ ಫೇಸ್‌ಬುಕ್‌ನಲ್ಲಿ 12 ಸಾವಿರ ರೂಪಾಯಿಯ ಆಡ್ ಹಾಕಿದೆ, ಫೋನ್ ಕೆಳಗಿಡಲು ಪುರುಸೊತ್ತಿರಲಿಲ್ಲ. ಆ ಧೈರ್ಯದಲ್ಲಿ 35 ಸಾವಿರ ಕೊಟ್ಟು ಆನ್‌ಲೈನ್ ಕೋರ್ಸ್ ಮಾಡಿದೆ. 2025ರ ದೀಪಾವಳಿಗೆ ಅದೇ ಆಡ್, ಅದೇ ಫೋಟೊ, 30 ಸಾವಿರ ಹಾಕಿದೆ. ಹಿಂದಿನ ಅರ್ಧದಷ್ಟೂ ಆರ್ಡರ್ ಬರಲಿಲ್ಲ. ಕಲಿತ ಮೇಲೆ ಕಮ್ಮಿಯಾಯಿತಲ್ಲ ಮೇಡಂ, ಎಲ್ಲಿ ತಪ್ಪಿದೆ?

ಉತ್ತರ: ನೀವು ತಪ್ಪಿದ್ದು 2025ರಲ್ಲಿ ಅಲ್ಲ, 2024ರಲ್ಲಿ. ಆ ಹಬ್ಬದ ಮಾರಾಟವೆಲ್ಲ ಆಡ್‌ನಿಂದಲೇ ಬಂತು ಅಂತ ನಂಬಿದಿರಲ್ಲ, ಅಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರದೇಶದಿಂದ ಬರುವ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು. ರಿಫೈನ್ಡ್ ಎಣ್ಣೆಗೆ ಶೇ 12.5 ಇದ್ದದ್ದು ಶೇ 32.5 ಆಯಿತು. ಹಬ್ಬದ ಹೊತ್ತಿಗೆ ಅಂಗಡಿಯ ಪ್ಯಾಕೆಟ್ ಎಣ್ಣೆ ದಿಢೀರ್ ಅಂತ ತುಟ್ಟಿಯಾಯಿತು. ಅದಕ್ಕೂ ನಿಮ್ಮ ಗಾಣದ ಎಣ್ಣೆಗೂ ಇದ್ದ ಅಂತರ ಇಳಿಯಿತು. ‘ಇಷ್ಟು ಕೊಡೋದಾದ್ರೆ ಇನ್ನೊಂಚೂರು ಸೇರಿಸಿ ಗಾಣದ್ದೇ ತರೋಣ’ ಅಂತ ಎಷ್ಟೋ ಮನೆಯಲ್ಲಿ ಮಾತಾಡಿಕೊಂಡಿರುತ್ತಾರೆ. 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಸುಂಕ ಶೇ 10ಕ್ಕೆ ಇಳಿಯಿತು. 2025ರ ಹಬ್ಬಕ್ಕೆ ಸುಂಕ ಏರಿದ ಆ ಗಾಬರಿ ಇರಲಿಲ್ಲ. ನಿಮ್ಮ ಆಡ್ ಅದೇ, ಕಾಲ ಬೇರೆ.

ಇದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಯಾರೂ ಹಾಗೆ ಹೇಳಲು ಆಗುವುದಿಲ್ಲ. ಮಾರ್ಕೆಟಿಂಗ್ ಕಲಿಯುವುದು ಕಷ್ಟ ಆಗೋದೇ ಇದರಿಂದ.

ಸಾರಿಗೆ ಉಪ್ಪು ಜಾಸ್ತಿಯಾದರೆ ನಾಲಿಗೆಗೆ ತಾಗಿದ ಕೂಡಲೇ ಗೊತ್ತಾಗುತ್ತದೆ. ನಾಳೆ ಕಮ್ಮಿ ಹಾಕುತ್ತೀರಿ. ಒಂದು ತಿಂಗಳು ಮಾಡಿದರೆ ಕೈ ಪಳಗುತ್ತದೆ. ನಿಮ್ಮ ಎಣ್ಣೆಯ ಕಥೆ ಹಾಗಲ್ಲ. 5 ಲೀಟರ್ ಕ್ಯಾನ್ ಕೊಂಡ ಮನೆಯವರು ಅದು ಮುಗಿಯುವ ತನಕ ಎರಡು ಮೂರು ತಿಂಗಳು ನಿಮ್ಮ ಕಡೆ ತಿರುಗಿ ನೋಡುವುದಿಲ್ಲ. ಅವರಿಗೆ ಎಣ್ಣೆ ಹಿಡಿಸಿತೋ ಇಲ್ಲವೋ ಅಂತ ಅಲ್ಲಿಯವರೆಗೂ ನಿಮಗೆ ಗೊತ್ತಾಗುವುದಿಲ್ಲ. ಇವತ್ತು ಉಪ್ಪು ಹಾಕಿ ಮೂರು ತಿಂಗಳ ಮೇಲೆ ರುಚಿ ನೋಡಿದ ಹಾಗೆ, ಅಷ್ಟರಲ್ಲಿ ಅದೇ ಪಾತ್ರೆಗೆ ಪಕ್ಕದ ಅಂಗಡಿಯವನು, ಸುಂಕ, ಮಳೆ, ಹಬ್ಬ ಎಲ್ಲ ಸೇರಿ ಒಂದೊಂದು ಹಿಡಿ ಹಾಕಿರುತ್ತವೆ.

ನಾನೂ ಇದರಲ್ಲಿ ಬಿದ್ದವಳೇ. 20 ವರ್ಷದ ಹಿಂದೆ ಒಂದು ಸಣ್ಣ ಊರಿನ ಬೇಕರಿಗೆ ಕರಪತ್ರ ಮಾಡಿಸಿ, ಬೆಳಗಿನ ಪೇಪರ್ ಒಳಗಿಟ್ಟು ಹಂಚಿಸಿದೆ. ಎರಡೇ ವಾರದಲ್ಲಿ ಖಾರಾ ಬನ್ ತಟ್ಟೆ ಸಂಜೆ 5 ಗಂಟೆಗೇ ಖಾಲಿಯಾಗತೊಡಗಿತು. ಬೇಕರಿಯವರು ಕೈ ಮುಗಿದರು, ನಾನು ಬೀಗಿದೆ. ಅದೇ ಕರಪತ್ರ, ಅದೇ ಮಾತು ಹಿಡಿದು ಇನ್ನೊಂದು ಊರಿನ ಬೇಕರಿಯವರ ಹತ್ತಿರ ಹೋಗಿ ಎರಡರಷ್ಟು ದುಡ್ಡು ಹಾಕಿಸಿದೆ. ಏನೂ ಆಗಲಿಲ್ಲ. ಆಮೇಲೆ ತಿಳಿಯಿತು, ಮೊದಲ ಊರಿನಲ್ಲಿ ಬಸ್ ಸ್ಟ್ಯಾಂಡ್ ಎದುರಿನ ದೊಡ್ಡ ಬೇಕರಿ ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಅದೇ ಹೊತ್ತಿಗೆ ಆರು ವಾರ ಬಾಗಿಲು ಹಾಕಿತ್ತು. ಎರಡನೇ ಊರಿನವರು ಕೊಟ್ಟ ದುಡ್ಡು ಮಗಳ ಕಾಲೇಜು ಫೀಸಿಗೆ ಎತ್ತಿಟ್ಟದ್ದಾಗಿತ್ತು. ಅದು ಈಗಲೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ. ‘ಇದು ಗ್ಯಾರಂಟಿ ಮೇಡಂ’ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುವುದು ಅದಕ್ಕೇ.

ಇನ್ನೊಂದು ಲೆಕ್ಕ, ಇದನ್ನು ಕೋರ್ಸಿನವರು ಹೇಳಿಕೊಡುವುದಿಲ್ಲ. ನಿಮಗೆ ದಿನಕ್ಕೆ ಸರಾಸರಿ 3 ಆರ್ಡರ್ ಬರುತ್ತವೆ ಅಂದುಕೊಳ್ಳಿ. ನೀವು ಏನನ್ನೂ ಮುಟ್ಟದಿದ್ದರೂ, ಹೊರಗೆ ಏನೂ ಬದಲಾಗದಿದ್ದರೂ, ಸುಮಾರು 20 ದಿನಕ್ಕೊಮ್ಮೆ ಒಂದೂ ಆರ್ಡರ್ ಬರುವುದಿಲ್ಲ, ಸುಮಾರು 12 ದಿನಕ್ಕೊಮ್ಮೆ 6 ಅಥವಾ ಅದಕ್ಕಿಂತ ಜಾಸ್ತಿ ಬರುತ್ತವೆ. ಸಣ್ಣ ಸಂಖ್ಯೆಗಳು ಕುಣಿಯುವುದೇ ಹೀಗೆ. ಆದರೆ ಸೊನ್ನೆ ಬಂದ ದಿನ ನೀವು ಗಾಬರಿಯಾಗಿ ಫೋಟೊ ಬದಲಾಯಿಸುತ್ತೀರಿ, ಮಾರನೇ ದಿನ 4 ಬರುತ್ತದೆ, ‘ಹೊಸ ಫೋಟೊ ಕೆಲಸ ಮಾಡಿತು’ ಅಂತ ಬರೆದಿಟ್ಟುಕೊಳ್ಳುತ್ತೀರಿ. ಇಂಥ ಬರಹಗಳನ್ನೇ ಒಟ್ಟು ಮಾಡಿ, ಚೆನ್ನಾಗಿ ಬಂದ ತಿಂಗಳ ಸ್ಕ್ರೀನ್‌ಶಾಟ್ ಮೇಲೆ ಅಂಟಿಸಿ, 35 ಸಾವಿರಕ್ಕೆ ಮಾರುತ್ತಾರೆ. ಯಾವ ಬಟನ್ ಎಲ್ಲಿದೆ ಅಂತ ಕಲಿಸಿದರೆ ತಪ್ಪಿಲ್ಲ, ಅದಕ್ಕೆ ಅಷ್ಟು ದುಡ್ಡು ಬೇಡ. ಆದರೆ ನಿಮ್ಮ ಗಿರಾಕಿ ಯಾಕೆ ಕೊಂಡ ಅಂತ ಗೊತ್ತಿದೆ ಎಂದು ಹೇಳಿ ದುಡ್ಡು ತೆಗೆದುಕೊಳ್ಳುವುದು ಮೋಸ.

ಡ್ಯಾಶ್‌ಬೋರ್ಡ್, ಅಂದರೆ ಆಡ್ ಲೆಕ್ಕ ತೋರಿಸುವ ಪುಟ, ನೋಡಿದರೆ ಗೊತ್ತಾಗುತ್ತದಲ್ಲ ಅನ್ನುತ್ತೀರಿ. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ ಸಾಮಾನ್ಯವಾಗಿ ಆಡ್ ಒತ್ತಿದ 7 ದಿನದೊಳಗೆ, ಇಲ್ಲವೇ ಸುಮ್ನೆ ಕಣ್ಣಿಗೆ ಬಿದ್ದ 1 ದಿನದೊಳಗೆ ಆದ ವ್ಯಾಪಾರವನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಅದೇ ಗಿರಾಕಿ ಆಮೇಲೆ ಗೂಗಲ್ ಆಡ್ ಒತ್ತಿ ಬಂದಿದ್ದರೆ ಗೂಗಲ್ ಕೂಡ ಅದನ್ನು ತನ್ನದೇ ಅನ್ನುತ್ತದೆ. ಒಂದೇ ಮದುವೆಗೆ ಇಬ್ಬರು ದಲ್ಲಾಳಿಗಳು ಕಮಿಷನ್ ಕೇಳಿದ ಹಾಗೆ. ಹುಡುಗ ಹುಡುಗಿ ಮೊದಲೇ ಒಪ್ಪಿಕೊಂಡಿದ್ದರೇ ಅಂತ ಇಬ್ಬರೂ ಕೇಳುವುದಿಲ್ಲ. 2012ರಲ್ಲಿ ಆನ್‌ಲೈನ್ ವ್ಯಾಪಾರದ ಅಮೆರಿಕದ ಇಬೇ ಕಂಪನಿ ಅದನ್ನೇ ಕೇಳಿತು. ತನ್ನ ಹೆಸರನ್ನು ಹುಡುಕುವವರಿಗೆ ತೋರಿಸುತ್ತಿದ್ದ ಸರ್ಚ್ ಆಡ್‌ಗಳನ್ನು ಕೆಲವು ಕಡೆ ನಿಲ್ಲಿಸಿ ನೋಡಿತು. ಬರುವವರ ಸಂಖ್ಯೆ ಹೆಚ್ಚುಕಮ್ಮಿ ಹಾಗೇ ಉಳಿಯಿತು. ಜನ ಆಡ್ ಬದಲು ಅದರ ಕೆಳಗಿನ ಪುಕ್ಕಟೆ ಲಿಂಕ್ ಒತ್ತಿ ಬಂದರು. ಅಷ್ಟು ದೊಡ್ಡ ಕಂಪನಿಗೂ ನಿಲ್ಲಿಸಿ ನೋಡುವ ತನಕ ಗೊತ್ತಾಗಿರಲಿಲ್ಲ.

ಹಾಗಾಗಿ ನೀವೂ ನಿಲ್ಲಿಸಿ ನೋಡಿ. ಹಬ್ಬ ಇಲ್ಲದ ಎಂಟು ವಾರ ಆರಿಸಿಕೊಳ್ಳಿ. ಮೊದಲ ನಾಲ್ಕು ವಾರ ದಾವಣಗೆರೆಗೆ ಮಾತ್ರ ಆಡ್, ಶಿವಮೊಗ್ಗಕ್ಕೆ ಬೇಡ. ಮುಂದಿನ ನಾಲ್ಕು ವಾರ ಅದಲು ಬದಲು ಮಾಡಿ. ಯಾವ ಊರಿಂದ ಎಷ್ಟು ಲೀಟರ್ ಹೋಯಿತು ಅಂತ ಮಾತ್ರ ಬರೆಯಿರಿ, ನಡುವೆ ರೇಟು, ಫೋಟೊ ಯಾವುದನ್ನೂ ಮುಟ್ಟಬೇಡಿ. ಆಡ್ ಇದ್ದಾಗಲೂ ಇಲ್ಲದಾಗಲೂ ಅಷ್ಟೇ ಹೋದರೆ ಆ ದುಡ್ಡು ಉಳಿಸಿಕೊಳ್ಳಿ. ಇದೂ ಪಕ್ಕಾ ಅಲ್ಲ, ಸಂಖ್ಯೆ ಸಣ್ಣದು. ಆದರೆ ಊಹೆಗಿಂತ ವಾಸಿ.

ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. 2024ರಲ್ಲಿ ಕೊಂಡವರ ನಂಬರ್ ನಿಮ್ಮ ಹತ್ತಿರ ಇದೆ ಅಲ್ವಾ? ಅದರಲ್ಲಿ 30 ಜನಕ್ಕೆ ನೀವೇ ಫೋನ್ ಮಾಡಿ. ಮಾರಲು ಹೋಗಬೇಡಿ. ಎಣ್ಣೆ ಹೇಗಿತ್ತು, ಮತ್ತೆ ಯಾಕೆ ತರಿಸಲಿಲ್ಲ ಅಂತ ಮಾತ್ರ ಕೇಳಿ. ತಳದಲ್ಲಿ ಮಡ್ಡಿ ಕೂತಿತ್ತು, ಕೊರಿಯರ್‌ನಲ್ಲಿ ಕ್ಯಾನ್ ಸೋರಿತ್ತು, ಬೋಂಡಾ ಕರಿಯುವಾಗ ನೊರೆ ಬಂತು, ಹೀಗೆ ಏನಾದರೂ ಸಿಕ್ಕರೆ ಅದನ್ನು ಮೊದಲು ಸರಿಮಾಡಿ. ಗಾಣದ ಎಣ್ಣೆಯಲ್ಲಿ ಸ್ವಲ್ಪ ಮಡ್ಡಿ ಸಹಜ ಅಂತ ನಿಮಗೆ ಗೊತ್ತು, ಅಷ್ಟು ದಿನ ರಿಫೈನ್ಡ್ ಎಣ್ಣೆ ನೋಡಿದವರಿಗೆ ಗೊತ್ತಿಲ್ಲ. ಕ್ಯಾನ್ ಮೇಲೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಇದನ್ನು ಯಾವ ಡ್ಯಾಶ್‌ಬೋರ್ಡೂ ನಿಮಗೆ ತೋರಿಸುವುದಿಲ್ಲ.

ಮುಂದಿನ ದೀಪಾವಳಿಗೆ ಸಾಲ ಮಾಡಿ ಆಡ್ ಹಾಕಬೇಡಿ. ನೀರಲ್ಲಿ ಹೋದರೂ ಮನೆ ನಡೆಯುತ್ತದೆ ಅನ್ನುವಷ್ಟೇ ಹಾಕಿ. ನಾನು ಜಾಸ್ತಿ ಹೆದರುತ್ತೇನೆ ಅನ್ನುವವರಿದ್ದಾರೆ. ಇರಲಿ.

ಪ್ರಶ್ನೆ: ನನ್ನ ವಿಡಿಯೊ ಇನ್ನೊಬ್ಬರದಕ್ಕಿಂತ ಚೆನ್ನಾಗಿದೆ, ಅವರದೇ ವೈರಲ್ ಆಯಿತು. ಯಾಕೆ?

ಉತ್ತರ: ಮೊದಲು ಯಾರೋ ಒಂದಷ್ಟು ಜನ ಅವರದನ್ನು ನೋಡಿದರು, ಅದನ್ನು ನೋಡಿ ಉಳಿದವರೂ ನೋಡಿದರು. ಕೊಲಂಬಿಯಾ ವಿಶ್ವವಿದ್ಯಾಲಯದವರು 14 ಸಾವಿರಕ್ಕೂ ಹೆಚ್ಚು ಜನರಿಗೆ ಹೆಸರಿಲ್ಲದ ತಂಡಗಳ 48 ಹಾಡು ಕೊಟ್ಟು, ಅವರಲ್ಲಿ ಹಲವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನವರು ಯಾವುದನ್ನು ಎಷ್ಟು ಡೌನ್‌ಲೋಡ್ ಮಾಡಿಕೊಂಡರು ಅಂತ ಕಾಣುವ ಹಾಗೆ ಇಟ್ಟರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಾಡುಗಳು ಅವೇ, ಆದರೆ ಒಂದು ಗುಂಪಿನಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಹಿಂದೆ ಬಿತ್ತು. ತೀರಾ ಚೆನ್ನಾಗಿರುವುದು ಪೂರ್ತಿ ಸೋಲುವುದು ಅಪರೂಪ, ತೀರಾ ಕೆಟ್ಟದ್ದು ಗೆಲ್ಲುವುದೂ ಅಪರೂಪ. ನಡುವಿನದ್ದು ಎಲ್ಲಿ ಬೇಕಾದರೂ ಹೋಗಬಹುದು. ನಮ್ಮ ನಿಮ್ಮ ವಿಡಿಯೊಗಳೆಲ್ಲ ಆ ನಡುವಿನವೇ. ಒಂದನ್ನೇ ಹಿಡಿದು ಕೊರಗಬೇಡಿ, ಮುಂದಿನದು ಮಾಡಿ.

ಪ್ರಶ್ನೆ: ಎಲ್ಲರಿಗಿಂತ ಕಮ್ಮಿ ರೇಟ್ ಅಂತ ಬೋರ್ಡ್ ಹಾಕಿದರೆ ಸಾಕಲ್ವಾ?

ಉತ್ತರ: ಟಾಟಾ ನ್ಯಾನೋ 2009ರಲ್ಲಿ 1 ಲಕ್ಷದ ಕಾರು ಅಂತ ಮಾರುಕಟ್ಟೆಗೆ ಬಂತು, 2018ರಲ್ಲಿ ತಯಾರಿಕೆ ನಿಂತಿತು. ಅತಿ ಅಗ್ಗದ ಕಾರು ಅಂತ ಮಾರಿದ್ದೇ ತಪ್ಪಾಯಿತು ಅಂತ ರತನ್ ಟಾಟಾ ಅವರೇ ಹೇಳಿದ್ದರು. ಅಗ್ಗ ಬೇಕು ಅನ್ನುವವರಿಗೂ ಅಗ್ಗದ್ದು ಕೊಂಡೆ ಅಂತ ಊರಿಗೆ ತೋರಿಸಲು ಇಷ್ಟವಿರುವುದಿಲ್ಲ.

ಪ್ರಶ್ನೆ: ಗಿರಾಕಿಗೆ ಗೊತ್ತಾಗದ ಹಾಗೆ ಅವರ ಒಳಮನಸ್ಸಿಗೆ ಮಾರುವ ಎರಡು ದಿನದ ವರ್ಕ್‌ಶಾಪ್ ಇದೆ. ಸೇರಲಾ?

ಉತ್ತರ: ಬೇಡ. 1957ರಲ್ಲಿ ಅಮೆರಿಕದ ಮಾರುಕಟ್ಟೆ ಸಂಶೋಧಕ ಜೇಮ್ಸ್ ವಿಕರಿ, ಸಿನಿಮಾ ನಡುವೆ ಕಣ್ಣಿಗೆ ಕಾಣದಷ್ಟು ಬೇಗ ‘ಪಾಪ್‌ಕಾರ್ನ್ ತಿನ್ನಿ’ ಅಂತ ತೋರಿಸಿ ಮಾರಾಟ ಏರಿಸಿದೆ ಅಂದ. 1962ರಲ್ಲಿ ಅದು ಹುರುಳಿಲ್ಲದ್ದು ಅಂತ ಅವನೇ ಒಪ್ಪಿಕೊಂಡ. 60 ವರ್ಷ ದಾಟಿದೆ, ಅದೇ ಸುಳ್ಳನ್ನು ಹೋಟೆಲ್ ಹಾಲ್ ಬಾಡಿಗೆಗೆ ಹಿಡಿದು, ಊಟ ಕಾಫಿ ಸೇರಿಸಿ ಇನ್ನೂ ಮಾರುತ್ತಿದ್ದಾರೆ. ಕಷ್ಟಪಟ್ಟ ದುಡ್ಡು ಕೊಟ್ಟು ಬರುವವರನ್ನು ಹೀಗೆ ಸುಲಿಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: 1,500 ರೂಪಾಯಿಗೆ 10 ಸಾವಿರ ಫಾಲೋವರ್ಸ್ ಕೊಡುತ್ತಾರಂತೆ. ತಗೊಳ್ಳಲಾ?

ಉತ್ತರ: ಅವರಲ್ಲಿ ಒಬ್ಬರೂ ನಿಮ್ಮ ಹತ್ತಿರ ಏನನ್ನೂ ಕೊಳ್ಳುವುದಿಲ್ಲ.

ಪ್ರಶ್ನೆ: ರೀಲ್ಸ್ ಹಾಕಲು ಒಳ್ಳೆಯ ಟೈಮ್ ಯಾವುದು?

ಉತ್ತರ: ನಿಮ್ಮ ಫಾಲೋವರ್‌ಗಳು ಯಾವ ಹೊತ್ತಿಗೆ ಇರುತ್ತಾರೆ ಅಂತ ನಿಮ್ಮ ಅಕೌಂಟಿನ ಇನ್‌ಸೈಟ್ಸ್‌ನಲ್ಲೇ ಇದೆ, ಅಲ್ಲಿ ನೋಡಿ. ಈ ಪ್ರಶ್ನೆಯನ್ನು ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ.