ಡೀನ್ ಜೋನ್ಸ್‌ಗೆ ಮೈದಾನದಲ್ಲೇ ಶ್ರದ್ಧಾಂಜಲಿ ಸಲ್ಲಿಸುವುದು ಹೇಗೆ?

ಸೆಪ್ಟೆಂಬರ್ 24ರಂದು ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ ಲೆದರ್ ಬಾಲ್ ಪಂದ್ಯ ಇಟ್ಟುಕೊಂಡಿದ್ದೀರಿ, ನಡುವೆ ಆಸ್ಟ್ರೇಲಿಯಾದ ಹಳೆಯ ಬ್ಯಾಟ್ಸ್‌ಮನ್ ಡೀನ್ ಜೋನ್ಸ್ ಅವರನ್ನು ನೆನೆಯಬೇಕು, ಏನೇನು ಬೇಕು ಅಂತ ಕೇಳಿದ್ದೀರಿ. 2020ರಲ್ಲಿ ಅದೇ ದಿನ, ಐಪಿಎಲ್ ಕಾಮೆಂಟರಿ ಕೆಲಸಕ್ಕೆ ಮುಂಬೈಗೆ ಬಂದಿದ್ದವರು ಹೃದಯಾಘಾತದಿಂದ ಹೋಗಿಬಿಟ್ಟರು. 59 ಹೋಗುವ ವಯಸ್ಸಲ್ಲ.

ವೇದಿಕೆ, ಶಾಮಿಯಾನ, ಮುಖ್ಯ ಅತಿಥಿ ಯಾವುದೂ ಬೇಡ. ಅದೇ ವರ್ಷ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಭಾರತ ಆಡುತ್ತಿದ್ದ ಟೆಸ್ಟ್‌ನ ಚಹಾ ವಿರಾಮದಲ್ಲಿ, ಸರಿಯಾಗಿ 3.24ಕ್ಕೆ ಅವರನ್ನು ನೆನೆದರು. 324 ಅವರ ಟೆಸ್ಟ್ ಕ್ಯಾಪ್ ಸಂಖ್ಯೆ, ಅಂದರೆ ಆಸ್ಟ್ರೇಲಿಯಾಕ್ಕೆ ಟೆಸ್ಟ್ ಆಡಿದವರಲ್ಲಿ ಅವರು 324ನೆಯವರು. ಪ್ರಥಮ ದರ್ಜೆಯಲ್ಲಿ ಅವರ ಗರಿಷ್ಠ ಸ್ಕೋರೂ ಔಟಾಗದೆ 324. ಮನೆಯವರು ಮತ್ತು ಅವರ ಕಾಲದ ನಾಯಕ ಅಲನ್ ಬಾರ್ಡರ್ ಸೇರಿ ಜೋನ್ಸ್ ಅವರ ಬ್ಯಾಟು, ಕ್ಯಾಪು, ಕೂಲಿಂಗ್ ಗ್ಲಾಸನ್ನು ಸ್ಟಂಪಿನ ಬಳಿ ಇಟ್ಟರು. ನೀವೂ ಅಷ್ಟನ್ನೇ ಮಾಡಿ.

ಎಡವಟ್ಟಾಗುವುದು ಸಮಯದಲ್ಲಿ. ಡ್ರಿಂಕ್ಸ್ ವಿರಾಮದ ವೇಳೆಯನ್ನು ಟಾಸ್‌ಗೆ ಮೊದಲೇ ಇಬ್ಬರು ನಾಯಕರು, ಅಂಪೈರ್‌ಗಳು ಒಪ್ಪಿರಬೇಕು. 3.24 ಅಂತ ಗೊತ್ತುಮಾಡಬೇಡಿ, 3.18 ಇಡಿ. ನಡೆಯುತ್ತಿರುವ ಓವರ್ ಮುಗಿದ ಮೇಲೇ ವಿರಾಮ ಸಿಗುವುದು, ಅದಕ್ಕೇ ಮೂರ್ನಾಲ್ಕು ನಿಮಿಷ ಹೋಗುತ್ತದೆ. ಇನ್ನೊಂದು ತೊಡಕು: ಗೊತ್ತಾದ ವೇಳೆಗೆ ಐದು ನಿಮಿಷದೊಳಗೆ ವಿಕೆಟ್ ಬಿದ್ದರೆ ನಿಯಮದಂತೆ ಡ್ರಿಂಕ್ಸ್ ಆಗಲೇ ಕೊಡಬೇಕು. ಈ ಒಂದು ದಿನ ಹಾಗೆ ಕೊಡುವುದು ಬೇಡ ಎಂದು ಅಂಪೈರ್‌ಗಳಿಗೆ ಮೊದಲೇ ಹೇಳಿಡಿ. ವಿರಾಮ ಐದು ನಿಮಿಷ ಮೀರುವಂತಿಲ್ಲ, ಎಲ್ಲವೂ ಅದರೊಳಗೇ ಮುಗಿಯಬೇಕು.

ಶೋಕಕ್ಕೆ ತೋಳಿಗೆ ಹಾಕುವ ಕಪ್ಪು ಪಟ್ಟಿಗೆ ಎರಡಿಂಚು ಅಗಲದ ಎಲಾಸ್ಟಿಕ್ ಮಂಡಿಪೇಟೆ ಕಡೆ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಕೇಳಿ. ಒಬ್ಬರಿಗೆ ಒಂದಡಿಯಂತೆ ಆಟಗಾರರು 22, ಅಂಪೈರ್ 2, ಒಟ್ಟು 24 ಅಡಿ. ಎಂಟು ಮೀಟರ್ ತಂದರೆ ಸಾಕು. ತುದಿ ಹೊಲಿಸಿ. ಪಿನ್ ಬೇಡ, ಡೈವ್ ಹೊಡೆದಾಗ ಚುಚ್ಚುತ್ತದೆ. ಅಗ್ಗದ ಕರಿ ಬಟ್ಟೆ ಹರಿದು ಕಟ್ಟಿದರೆ ಬೆವರಿಗೆ ಬಣ್ಣ ಬಿಟ್ಟು ಬಿಳಿ ಅಂಗಿ ಹಾಳು. ಮೊಣಕೈ ಮೇಲೆ, ಎಡ ತೋಳಿಗೆ ಹಾಕಿ.

ಮೈಕಿನಲ್ಲಿ ಒಬ್ಬರೇ ಮಾತಾಡಲಿ, ಒಂದೂವರೆ ನಿಮಿಷ, ಬರೆದುಕೊಂಡು. 52 ಟೆಸ್ಟ್, 164 ಏಕದಿನ ಅಂತ ಅಂಕಿ ಓದಿಸುತ್ತಾ ಹೋಗಬೇಡಿ. 1986ರ ಸೆಪ್ಟೆಂಬರ್, ಮದ್ರಾಸಿನ ಚೆಪಾಕ್, ಅವರ ಮೂರನೇ ಟೆಸ್ಟ್. ಆ ಸೆಕೆಯಲ್ಲಿ ವಾಂತಿ ಮಾಡಿಕೊಳ್ಳುತ್ತಾ, ಕಾಲು ಹಿಡಿದುಕೊಂಡರೂ ಎಂಟು ಗಂಟೆ ಮೀರಿ ನಿಂತು 210 ಹೊಡೆದರು, ಔಟಾದ ಮೇಲೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು, ಆ ಪಂದ್ಯ ಟೈ ಆಯಿತು. ಇಷ್ಟು ಹೇಳಿದರೆ ಹುಡುಗರು ತಾವಾಗೇ ಸುಮ್ಮನಾಗುತ್ತಾರೆ. ಟಿವಿಯಲ್ಲಿ ಪ್ರೊಫೆಸರ್ ಗೌನು, ಟೋಪಿ ಹಾಕಿಕೊಂಡು ಪಾಠ ಹೇಳುತ್ತಿದ್ದ ಪ್ರೊಫೆಸರ್ ಡೀನೋ ಅಂದರೆ ದೊಡ್ಡವರಿಗೆ ನೆನಪಾಗುತ್ತದೆ. 2006ರಲ್ಲಿ ದಕ್ಷಿಣ ಆಫ್ರಿಕಾದ ಆಟಗಾರ ಹಾಶಿಂ ಆಮ್ಲಾ ಬಗ್ಗೆ ಆಡಿದ ಕೆಟ್ಟ ಮಾತಿಗೆ ಕಾಮೆಂಟರಿ ಕೆಲಸ ಕಳೆದುಕೊಂಡು ಕ್ಷಮೆ ಕೇಳಿದ್ದನ್ನು ಯಾರಾದರೂ ಎತ್ತಿದರೆ ಮುಚ್ಚಿಡಬೇಡಿ, ಹೌದು ಅನ್ನಿ. ಪ್ರೀತಿಸುವವರು ಸುಳ್ಳು ಹೇಳಬೇಕಿಲ್ಲ.

ಆಮೇಲೆ ಒಂದು ನಿಮಿಷ ಮೌನ. ಶುರು ಮಾಡುವುದೂ ಮುಗಿಸುವುದೂ ಅಂಪೈರ್, ಕೈಯಲ್ಲಿ ಸ್ಟಾಪ್‌ವಾಚ್ ಇರಲಿ. ಅಂದಾಜಿಗೆ ಬಿಟ್ಟರೆ ಇಪ್ಪತ್ತೇ ಸೆಕೆಂಡಿಗೆ ಮುಗಿದುಹೋಗುತ್ತದೆ. ಮೈಕ್ ಸೆಟ್‌ನ ಸೌಂಡ್ ತಗ್ಗಿಸಿದರೆ ಸಾಲದು, ಆಂಪ್ಲಿಫೈಯರನ್ನೇ ಆಫ್ ಮಾಡಿಸಿ. ಬ್ಲೂಟೂತ್‌ಗೆ ಕೂಡಿಸಿದ ಮೊಬೈಲ್‌ಗೆ ಆಗಲೇ ಫೋನ್ ಬಂದರೆ ಮೈದಾನಕ್ಕೆಲ್ಲ ರಿಂಗ್‌ಟೋನ್ ಕೇಳಿಸುತ್ತದೆ.

ಬ್ಯಾಟು, ಕ್ಯಾಪು, ಕನ್ನಡಕ ಎತ್ತಿಕೊಳ್ಳಲು ಒಬ್ಬ ಕಿರಿಯ ಆಟಗಾರನಿಗೆ ಮೊದಲೇ ಹೇಳಿರಿ. ಅವನು ಬೌಂಡರಿ ಗೆರೆ ದಾಟಿದ ಮೇಲೆ ಅಂಪೈರ್ ಪ್ಲೇ ಅನ್ನಲಿ.