ವಿಮ್ ಒಮ್ಮೆ ಬೈಯುತ್ತದೆ, ಒಮ್ಮೆ ಸುಮ್ಮನಿರುತ್ತದೆ, ಯಾಕೆ?

ಪ್ರಶ್ನೆ: ಸರ್, ಲ್ಯಾಬಿನಲ್ಲಿ ಕೋಡ್ ಬರೆಯಲು ವಿಮ್ ಎಡಿಟರ್ ಬಳಸುತ್ತೇನೆ. ಒಂದು ಫೈಲ್ ತಿದ್ದುವಾಗ ಇನ್ನೊಂದನ್ನು ತೆರೆಯಲು ಹೋದರೆ ‘ಇ37, ಸೇವ್ ಆಗಿಲ್ಲ’ ಅಂತ ತಡೆಯುತ್ತದೆ. ಆದರೆ ಸ್ಕ್ರೀನ್ ಸ್ಪ್ಲಿಟ್ ಮಾಡಿದ್ದಾಗ ಕೆಲವು ಸಲ ಏನೂ ಕೇಳದೆ ಮುಚ್ಚಿಕೊಳ್ಳುತ್ತದೆ. ಬರೆದದ್ದು ಹೋಯ್ತೇನೋ ಅಂತ ಭಯ. ಹೊಸ ವಿಂಡೋ ಯಾವಾಗಲೂ ಮೇಲೇ ಬರುವುದೂ ಕಿರಿಕಿರಿ.
– ಒಬ್ಬ ವಿದ್ಯಾರ್ಥಿನಿ, ಹಾಸನ

ಉತ್ತರ: ಏನೂ ಹೋಗಿಲ್ಲ, ಗಾಬರಿ ಬೇಡ. ವಿಮ್‌ನಲ್ಲಿ ಫೈಲ್ ಇರುವುದು ಡಿಸ್ಕಿನಲ್ಲಿ. ಅದನ್ನು ತೆರೆದಾಗ ಮೆಮೊರಿಗೆ ಬರುವ ಪ್ರತಿಯೇ ಬಫರ್. ವಿಂಡೋ ಅಂದರೆ ಆ ಬಫರನ್ನು ಇಣುಕಿ ನೋಡುವ ಕಿಟಕಿ, ಅಷ್ಟೇ. ಸ್ಪ್ಲಿಟ್ ಮಾಡಿದಾಗ ಒಂದೇ ಬಫರಿಗೆ ಎರಡು ಕಿಟಕಿ ಆಗುತ್ತವೆ, ಒಂದನ್ನು ಮುಚ್ಚಿದರೂ ಇನ್ನೊಂದರಲ್ಲಿ ಅದು ಕಾಣುತ್ತಲೇ ಇರುತ್ತದಲ್ವಾ, ಹಾಗಾಗಿ ವಿಮ್ ಸುಮ್ಮನಿರುತ್ತದೆ. ಕೊನೆಯ ಕಿಟಕಿಗೆ ಕೈ ಹಾಕಿದಾಗ ಮಾತ್ರ ಇ37.

ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ, ವಿಮ್‌ನ ಸೆಟ್ಟಿಂಗ್ ಇರುವ ವಿಮ್‌ಆರ್‌ಸಿ ಫೈಲಿಗೆ ‘ಸೆಟ್ ಹಿಡನ್’ ಅಂತ ಒಂದು ಸಾಲು ಸೇರಿಸಿ (ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ಸಣ್ಣಕ್ಷರದಲ್ಲಿ). ಆಮೇಲೆ ಸೇವ್ ಆಗದ ಬಫರ್ ತೆರೆಮರೆಗೆ ಸರಿಯುತ್ತದೆ, ನೀವು ಆರಾಮಾಗಿ ಬೇರೆ ಫೈಲಿಗೆ ಹೋಗಬಹುದು. ವಿಮ್‌ನಿಂದಲೇ ಕವಲೊಡೆದ ನಿಯೋವಿಮ್ ಎಡಿಟರಿನಲ್ಲಿ ಇದು ಈಗ ಮೊದಲೇ ಆನ್ ಆಗಿರುತ್ತದೆ. ತೊಂದರೆ ಏನಂದರೆ, ಮರೆಯಾದದ್ದು ಮರೆತೂ ಹೋಗುತ್ತದೆ. ಆಗಾಗ ಕೋಲನ್ ಒತ್ತಿ ‘ಎಲ್‌ಎಸ್’ ಕೊಟ್ಟು ನೋಡಿ, ಪ್ಲಸ್ ಚಿಹ್ನೆ ಇದ್ದದ್ದೆಲ್ಲ ಇನ್ನೂ ಸೇವ್ ಆಗಿಲ್ಲ.

ಜೊತೆಗೆ ‘ಸೆಟ್ ಕನ್ಫರ್ಮ್’ ಕೂಡ ಹಾಕಿ. ಆಗ ಹೊರಗೆ ಬರುವಾಗ ಎರರ್ ಬದಲು ‘ಸೇವ್ ಮಾಡಲಾ?’ ಅಂತ ಕೇಳುತ್ತದೆ. ಇದಿಲ್ಲದೆ ನಾನೊಮ್ಮೆ ಎರರ್ ನೋಡಿ ರೇಗಿ ಎಲ್ಲವನ್ನೂ ಮುಚ್ಚುವ ‘ಕ್ಯೂಎ’ಗೆ ಆಶ್ಚರ್ಯಸೂಚಕ (ಸೇವ್ ಆಗದಿದ್ದರೂ ಮುಚ್ಚು ಅಂತ) ಸೇರಿಸಿ ಹೊಡೆದೆ. ಮರೆಯಲ್ಲಿದ್ದ ಮೂರು ಫೈಲುಗಳ ಅರ್ಧ ದಿನದ ಕೆಲಸ ಗೋವಿಂದ! ಸೇವ್ ಆಗದ ಕೆಲಸವನ್ನು ವಿಮ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಸ್ವಾಪ್ ಫೈಲ್ ಇದ್ದೇ ಇರುತ್ತೆ ಅಂದುಕೊಂಡಿದ್ದೆ. 200 ಅಕ್ಷರ ಟೈಪ್ ಆದ ಮೇಲೆ, ಅಥವಾ 4 ಸೆಕೆಂಡ್ ಕೈ ಸುಮ್ಮನಿದ್ದರೆ, ವಿಮ್ ಅದರೊಳಗೆ ಬರೆದಿಡುವುದು ನಿಜ. ಆದರೆ ಅದು ಕರೆಂಟ್ ಹೋದಾಗ ಕಾಪಾಡುವಂಥದ್ದು. ನಾವೇ ಹೊರಗೆ ಬಂದರೆ ವಿಮ್ ಅದನ್ನು ಅಳಿಸಿಬಿಡುತ್ತದೆ.

ತಾನೇ ಸೇವ್ ಮಾಡುವ ‘ಆಟೋರೈಟ್‌ಆಲ್’ ಕೂಡ ಇದೆ. ನನಗಿಷ್ಟವಿಲ್ಲ, ಅರೆಬೆಂದ ಕೋಡೆಲ್ಲ ಡಿಸ್ಕಿಗೆ ಹೋಗುತ್ತದೆ.

ಇನ್ನು ಸ್ಪ್ಲಿಟ್. ‘ಸೆಟ್ ಸ್ಪ್ಲಿಟ್‌ಬಿಲೋ’ ಹಾಕಿದರೆ ಹೊಸ ವಿಂಡೋ ಕೆಳಗೆ ಬರುತ್ತದೆ, ‘ಸೆಟ್ ಸ್ಪ್ಲಿಟ್‌ರೈಟ್’ ಹಾಕಿದರೆ ಉದ್ದಕ್ಕೆ ಸೀಳಿದಾಗ ಬಲಕ್ಕೆ. ವಿಂಡೋಗಳ ಅಳತೆ ಹೆಚ್ಚು ಕಡಿಮೆ ಆದರೆ ಕಂಟ್ರೋಲ್ ಡಬ್ಲ್ಯೂ ಒತ್ತಿ, ಬಿಟ್ಟು, ಸಮ ಚಿಹ್ನೆ ಒತ್ತಿ, ಎಲ್ಲ ಸಮ ಆಗುತ್ತವೆ. ಬ್ರೌಸರಿನೊಳಗಿನ ಟರ್ಮಿನಲ್ ಆದರೆ ಮಾತ್ರ ಹುಷಾರು, ಅಲ್ಲಿ ಕಂಟ್ರೋಲ್ ಡಬ್ಲ್ಯೂ ಒತ್ತಿದರೆ ಟ್ಯಾಬೇ ಮುಚ್ಚಿಹೋಗಬಹುದು. ಅಂಥ ಕಡೆ ಕೋಲನ್ ಒತ್ತಿ ‘ವಿನ್‌ಸಿಎಂಡಿ’ ಬರೆದು, ಜಾಗ ಬಿಟ್ಟು ಸಮ ಚಿಹ್ನೆ ಹಾಕಿ ಎಂಟರ್ ಒತ್ತಿದರೆ ಅದೇ ಕೆಲಸ ಆಗುತ್ತದೆ.